ತಲೆಗಾವಲಿನ ಕಥೆ

ಎರಡು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಗದುಗಿನ ಭಾರತದ ಮುನ್ನೂರು ಪದ್ಯಗಳಾದರೂ ಅವನಿಗೆ ಕಂಠಸ್ಥವಾಗಿದ್ದುವು. ಪಾಠದ ನಡುವೆ ನನ್ನ ನೆನಪು ತಡವರಿಸಿದರೆ, ಹಿಂದಿನ ಬೆಂಚಿನಿಂದ ಮುಂದಿನ ಸಾಲು ತಾನಾಗಿಯೇ ತೇಲಿ ಬರುತ್ತಿತ್ತು. ಭಾಮಿನಿಯ ನಡೆ ಅವನ ನಾಲಗೆಗೆ ಉಸಿರಿನಷ್ಟು ಸಹಜವಾಗಿತ್ತು.

ಒಂದು ಸಂಜೆ ನಂಜನಗೂಡಿನ ರಸ್ತೆಯಲ್ಲಿ ಅವನ ಮೋಟಾರು ಸೈಕಲ್ಲು ಜಾರಿತು. ಅಂಥ ವೇಗವೇನೂ ಇರಲಿಲ್ಲ. ತಿರುವಿನಲ್ಲಿ ಯಾವುದೋ ಲಾರಿಯಿಂದ ಸುರಿದ ಮರಳು ಹರಡಿತ್ತು, ಅಷ್ಟೆ. ಮೊಣಕೈ ಮೊಣಕಾಲು ತರಚಿದುವು. ತಲೆ ಮಾತ್ರ ರಸ್ತೆಯಂಚಿನ ಕಲ್ಲಿಗೆ ಬಡಿಯಿತು. ಹೆಲ್ಮೆಟ್ಟು ಇತ್ತು; ಗಾಡಿಯ ಹ್ಯಾಂಡಲ್ಲಿಗೆ ತೂಗುಹಾಕಿದ್ದುದು ಹಾಗೆಯೇ ಭದ್ರವಾಗಿತ್ತು.

ನಾಲ್ಕು ತಿಂಗಳ ಮೇಲೆ ಹುಡುಗ ಕಾಲೇಜಿಗೆ ಮರಳಿದ. ನಡೆಯುತ್ತಾನೆ, ನಗುತ್ತಾನೆ, ನನ್ನನ್ನು ಗುರುತಿಸುತ್ತಾನೆ. ಆದರೆ ಪದ್ಯಗಳು ಹೋಗಿದ್ದುವು. ಮೊದಲ ಎರಡು ಮಾತು ಬಂದು, ಮೂರನೆಯದಕ್ಕೆ ಕತ್ತಲೆಯಲ್ಲಿ ಕೈಯಾಡಿಸುವವನಂತೆ ತಡಕುತ್ತಾನೆ. ಜೊತೆಗೆ ಬಂದಿದ್ದ ತಾಯಿ, "ಮೇಷ್ಟ್ರೇ, ಅವನಿಗೆ ಎಲ್ಲಾ ಗೊತ್ತಾಗುತ್ತೆ, ಬಾಯಿಗೆ ಮಾತ್ರ ಬರೋದಿಲ್ಲ" ಎಂದರು. ನಾನು ಏನೂ ಹೇಳಲಾರದೆ ಹಾಜರಿ ಪುಸ್ತಕವನ್ನು ನೋಡುತ್ತ ಕುಳಿತೆ.

ನಾನು ಕನ್ನಡದ ಅಧ್ಯಾಪಕ. ಯಂತ್ರವೂ ವೈದ್ಯವೂ ನನ್ನ ವಿಷಯಗಳಲ್ಲ. ಆದರೂ ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹ್ಯಾಂಡಲ್ಲಿಗೆ ತೂಗಿದ್ದ ಆ ಬುರುಡೆಯಂಥ ವಸ್ತುವನ್ನು ಮೊದಲು ಸವಾರನ ತಲೆಯ ಮೇಲೆ ಇಟ್ಟವರು ಯಾರು? ಏಕೆ ಇಟ್ಟರು? ಹುಡುಕುತ್ತ ಹೋದಾಗ ತಿಳಿದದ್ದನ್ನು ಓದುಗರ ಮುಂದೆ ಇಡುತ್ತಿದ್ದೇನೆ.

ಕಥೆ ಆರಂಭವಾಗುವುದು ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಎಂಬ ಪಂದ್ಯದ ಮೈದಾನದಲ್ಲಿ. 1914ರಲ್ಲಿ ಅಲ್ಲಿ ವೈದ್ಯಾಧಿಕಾರಿಯಾಗಿದ್ದ ಎರಿಕ್ ಗಾರ್ಡ್ನರ್ ಎಂಬಾತ ಒಂದು ಸಂಗತಿಯನ್ನು ಗಮನಿಸಿದ. ಬಿದ್ದ ಸವಾರರಲ್ಲಿ ಕೈಕಾಲು ಮುರಿದವರು ಎದ್ದು ಮನೆಗೆ ಹೋಗುತ್ತಾರೆ. ತಲೆಗೆ ಪೆಟ್ಟುಬಿದ್ದವರ ಗತಿ ಬೇರೆ. ಆತ ಲಂಡನ್ನಿನ ಕುಶಲಿಯೊಬ್ಬನಿಂದ ಕ್ಯಾನ್ವಾಸು ಬಟ್ಟೆಗೆ ಅರಗು ಮೆತ್ತಿ ಗಟ್ಟಿಮಾಡಿದ ಟೋಪಿಗಳನ್ನು ಮಾಡಿಸಿದ. ಪಂದ್ಯಗಳ ಅಧಿಕಾರಿಗಳು ಮೊದಲು ತಲೆಯಾಡಿಸಿದರೂ ಕೊನೆಗೆ ಒಪ್ಪಿದರು. ಅದೇ ವರ್ಷ ಮ್ಯಾನ್ ದ್ವೀಪದ ಟೂರಿಸ್ಟ್ ಟ್ರೋಫಿ ಪಂದ್ಯದಲ್ಲಿ ಅದನ್ನು ಕಡ್ಡಾಯ ಮಾಡಿದರು. ಪಂದ್ಯ ಮುಗಿದ ಮೇಲೆ ಆ ದ್ವೀಪದ ವೈದ್ಯರಿಂದ ಗಾರ್ಡ್ನರನಿಗೆ ಒಂದು ಕಾಗದ ಬಂದಿತಂತೆ: ಪ್ರತಿವರ್ಷ ಪಂದ್ಯದ ಕಾಲಕ್ಕೆ ಬರುತ್ತಿದ್ದ, ತಲೆಪೆಟ್ಟಿನಿಂದ ಎಚ್ಚರ ತಪ್ಪಿದ ರೋಗಿಗಳು ಈ ಸಲ ಬರಲಿಲ್ಲವೆಂದು.

ಆದರೆ ಇದು ಪಂದ್ಯದವರ ವ್ಯವಹಾರವಾಗಿಯೇ ಉಳಿಯಿತು. ಹಾದಿಯಲ್ಲಿ ಹೋಗುವ ಸಾಮಾನ್ಯನಿಗೆ ತಲೆಗಾವಲು ಏತಕ್ಕೆ ಎಂಬುದು ಅಂದಿನ ಭಾವನೆ. ಆ ಭಾವನೆಗೆ ಪೆಟ್ಟು ಬೀಳಲು ಇನ್ನೂ ಎರಡು ದಶಕಗಳು ಬೇಕಾದುವು.

'ಅರೇಬಿಯಾದ ಲಾರೆನ್ಸ್' ಎಂದು ಲೋಕ ಕರೆದ ಟಿ. ಇ. ಲಾರೆನ್ಸನ ಹೆಸರನ್ನು ಕೇಳದವರು ವಿರಳ. ಮೊದಲ ಮಹಾಯುದ್ಧದಲ್ಲಿ ಅರಬರ ಜೊತೆ ಮರುಭೂಮಿಯಲ್ಲಿ ಒಂಟೆಯೇರಿ ಹೋರಾಡಿದ ಈತ, ಅನಂತರ ಕೀರ್ತಿಗೆ ಬೆನ್ನು ತಿರುಗಿಸಿ, ಹೆಸರು ಬದಲಾಯಿಸಿಕೊಂಡು ವಾಯುಪಡೆಯಲ್ಲಿ ಸಾಮಾನ್ಯ ಸೇವಕನಾಗಿ ಸೇರಿದ. 1927ರಲ್ಲಿ ಈತ ಅಂದಿನ ಅವಿಭಜಿತ ಇಂಡಿಯದ ಕರಾಚಿಗೂ ಬಂದಿದ್ದ; ಹೋಮರನ 'ಒಡಿಸ್ಸಿ'ಯನ್ನು ಇಂಗ್ಲಿಷ್ ಗದ್ಯಕ್ಕೆ ತರುವ ಕೆಲಸವನ್ನು ಈ ನೆಲದಲ್ಲಿಯೇ ಕೈಗೆತ್ತಿಕೊಂಡ. ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಆತನ ಮೇಲೆ ಸ್ವಲ್ಪ ಹೆಚ್ಚು ಅಕ್ಕರೆ ಇರುವುದಕ್ಕೆ ಇದೂ ಕಾರಣ.

ಲಾರೆನ್ಸನಿಗೆ ಒಂದು ಹುಚ್ಚಿತ್ತು. ಮೋಟಾರು ಸೈಕಲ್ಲಿನ ಹುಚ್ಚು. ನಾಟಿಂಗ್‌ಹ್ಯಾಮಿನ ಜಾರ್ಜ್ ಬ್ರೋ ತಯಾರಿಸುತ್ತಿದ್ದ ಬ್ರೋ ಸುಪೀರಿಯರ್ ಗಾಡಿಗಳನ್ನು ಒಂದಾದಮೇಲೊಂದರಂತೆ ಏಳನ್ನು ಓಡಿಸಿದ್ದ, ಎಂಟನೆಯದಕ್ಕೆ ಹೇಳಿಯಾಗಿತ್ತು. ಎಸ್‌ಎಸ್ 100 ಎಂಬ ಆ ಗಾಡಿ ಗಂಟೆಗೆ 100 ಮೈಲಿ ಓಡುತ್ತದೆಂದು ತಯಾರಕನೇ ಭರವಸೆ ಕೊಡುತ್ತಿದ್ದ.

1935ರ ಮೇ 13ರಂದು ಲಾರೆನ್ಸ್ ಡಾರ್ಸೆಟ್ ಪ್ರಾಂತದ ತನ್ನ ಪುಟ್ಟ ಮನೆಯಿಂದ ಹತ್ತಿರದ ಬೋವಿಂಗ್‌ಟನ್ ಶಿಬಿರದ ಅಂಚೆ ಕಚೇರಿಗೆ ಹೋದ. ಸ್ನೇಹಿತನೊಬ್ಬನಿಗೆ ತಂತಿ ಕಳುಹಿಸಿ ಮರಳುತ್ತಿದ್ದ. ದಾರಿ ಎರಡು ಮೈಲಿಗೂ ಕಡಮೆ. ರಸ್ತೆಯ ತಗ್ಗಿನಲ್ಲಿ ಸೈಕಲ್ಲಿನ ಮೇಲೆ ಹೋಗುತ್ತಿದ್ದ ಇಬ್ಬರು ಹುಡುಗರು ಇದ್ದಕ್ಕಿದ್ದಂತೆ ಕಂಡರು. ಅವರನ್ನು ತಪ್ಪಿಸಲು ಗಾಡಿಯನ್ನು ಓರೆಮಾಡಿದ, ಉರುಳಿಬಿದ್ದ. ತಲೆಯ ಮೇಲೆ ಏನೂ ಇರಲಿಲ್ಲ. ಆರು ದಿನ ಎಚ್ಚರವಿಲ್ಲದೆ ಮಲಗಿದ್ದು, ಮೇ 19ರಂದು ತೀರಿಕೊಂಡ. ಆಗ ಅವನ ವಯಸ್ಸು 46. ಮರುಭೂಮಿಯ ಯುದ್ಧದಲ್ಲಿ ಉಳಿದ ಜೀವ ಮನೆಗೆ ಮರಳುವ ದಾರಿಯಲ್ಲಿ ಹೋಯಿತು.

ಹಾಸಿಗೆಯ ಬಳಿಗೆ ಕರೆಸಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಒಬ್ಬ. ಆಸ್ಟ್ರೇಲಿಯದಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಓದಿ, ಅಮೆರಿಕದ ಹಾರ್ವೆ ಕುಷಿಂಗನ ಬಳಿ ಮಿದುಳಿನ ಶಸ್ತ್ರಚಿಕಿತ್ಸೆ ಕಲಿತವನು. ಅಷ್ಟು ವಿದ್ಯೆಯಿದ್ದರೂ ಆ ಹಾಸಿಗೆಯ ಬಳಿ ಅವನು ಮಾಡುವಂಥದು ಏನೂ ಇರಲಿಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ವಿದ್ಯೆ ಎಷ್ಟಿದ್ದರೇನು? ಬಾಗಿಲನ್ನು ಮೊದಲೇ ಹಾಕುವುದು ಹೇಗೆ ಎಂಬುದರ ಕಡೆಗೆ ಆತನ ಮನಸ್ಸು ತಿರುಗಿತು.

ಎರಡನೆಯ ಮಹಾಯುದ್ಧ ಬಂದಿತು. ಸೈನ್ಯದ ಸಂದೇಶವಾಹಕರು ದೀಪವಾರಿಸಿದ ಕತ್ತಲ ರಸ್ತೆಗಳಲ್ಲಿ ಮೋಟಾರು ಸೈಕಲ್ಲು ಓಡಿಸಬೇಕಾಯಿತು. ತಲೆಯೊಡೆದವರು ಆಕ್ಸ್‌ಫರ್ಡಿನ ಸೈನಿಕ ಆಸ್ಪತ್ರೆಗೆ ಬರತೊಡಗಿದರು. ಕೇರ್ನ್ಸ್ ಆಗ ಒಂದು ಬಹಳ ಸಾಧಾರಣವಾದ, ಆದರೆ ಯಾರೂ ಮಾಡದಿದ್ದ ಕೆಲಸ ಮಾಡಿದ: ಎಣಿಸಿದ. 1941ರ ಅಕ್ಟೋಬರಿನಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪತ್ರಿಕೆಯಲ್ಲಿ ಅವನ ಲೇಖನ ಬಂದಿತು. ಯುದ್ಧಕ್ಕೆ ಮುಂಚಿನ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತ ಮೋಟಾರು ಸೈಕಲ್ಲಿನವರು 1,884. ಯುದ್ಧದ ಮೊದಲ 21 ತಿಂಗಳಲ್ಲಿ 2,279. ತಲೆಗಾವಲು ಧರಿಸಿದ್ದು ಪೆಟ್ಟು ತಿಂದು ಅವನ ಕಣ್ಣಿಗೆ ಬಿದ್ದವರು ಕೇವಲ ಏಳು ಮಂದಿ. ಆ ಏಳರಲ್ಲಿ ಒಬ್ಬನೂ ಸಾಯಲಿಲ್ಲ.

ಏಳು ಸಣ್ಣ ಸಂಖ್ಯೆ. ಆದರೆ ಅದರ ಮಾತನ್ನು ಸೈನ್ಯ ಕೇಳಿತು. ಮರು ತಿಂಗಳೇ, 1941ರ ನವೆಂಬರಿನಲ್ಲಿ, ಕರ್ತವ್ಯದ ಮೇಲಿರುವ ಸೈನ್ಯದ ಸವಾರರೆಲ್ಲರೂ ತಲೆಗಾವಲು ಧರಿಸಬೇಕೆಂಬ ಆಜ್ಞೆ ಹೊರಟಿತು. ಮುಂದಿನ ವರ್ಷಗಳಲ್ಲಿ ರಸ್ತೆಯ ಸಾವುಗಳು ಇಳಿಯುತ್ತ ಬಂದುದನ್ನು ಕೇರ್ನ್ಸ್ 1946ರ ಲೇಖನದಲ್ಲಿ ತೋರಿಸಿದ. ಯುದ್ಧಕಾಲದ ಪೆಟ್ರೋಲ್ ಅಭಾವವೂ ಅದಕ್ಕೆ ಸ್ವಲ್ಪ ಕಾರಣವಿರಬೇಕು. ಗಾಡಿಗಳೇ ಕಡಮೆಯಾದರೆ ಸಾವೂ ಕಡಮೆಯಾಗುವುದು ಸಹಜ. ಆದರೆ ತಲೆಗಾವಲಿನ ಪಾಲನ್ನು ಅಲ್ಲಗಳೆಯುವಂತಿರಲಿಲ್ಲ.

ಈ ಟೋಪಿ ಮಾಡುವ ಕೆಲಸವಾದರೂ ಏನು? ಕೇರ್ನ್ಸ್ ಜೊತೆ ದುಡಿದ ಹಾಲ್‌ಬೋರ್ನ್ ಎಂಬ ಭೌತವಿಜ್ಞಾನಿ, ಜೆಲಟಿನ್ನಿನಿಂದ ಮಿದುಳಿನ ಮಾದರಿಗಳನ್ನು ಮಾಡಿ ಪೆಟ್ಟಿನ ಪರಿಣಾಮವನ್ನು ಪರೀಕ್ಷಿಸಿದ. ತಲೆ ತಟಕ್ಕನೆ ನಿಂತರೂ, ತಟಕ್ಕನೆ ತಿರುಚಿದರೂ ಒಳಗಿನ ಮೆತ್ತನೆಯ ಮಿದುಳು ಇನ್ನೂ ಚಲಿಸುತ್ತಿರುತ್ತದೆ, ಹಾನಿಯಾಗುವುದು ಅಲ್ಲಿ. ಮರದಿಂದ ಕೆಳಕ್ಕೆ ಬಿದ್ದ ತೆಂಗಿನಕಾಯಿಯನ್ನು ನೆನೆಯಿರಿ. ಬಂಡೆಯ ಮೇಲೆ ಬಿದ್ದರೆ ಒಡೆಯುತ್ತದೆ, ಒಣಹುಲ್ಲಿನ ಮೆದೆಯ ಮೇಲೆ ಬಿದ್ದರೆ ಉಳಿಯುತ್ತದೆ. ಬಿದ್ದ ಎತ್ತರ ಒಂದೇ. ನಿಲ್ಲಲು ಸಿಕ್ಕ ಅವಕಾಶ ಬೇರೆ. ಇಂದಿನ ಹೆಲ್ಮೆಟ್ಟಿನ ಗಟ್ಟಿಯಾದ ಹೊರಕವಚ ಪೆಟ್ಟನ್ನು ಹರಡುತ್ತದೆ. ಒಳಗಿನ ಥರ್ಮೋಕೋಲಿನಂಥ ಪದರ ತಾನು ಜಜ್ಜಿಹೋಗಿ ತಲೆಗೆ ಒಂದಿಷ್ಟು ಸಾವಕಾಶ ಕೊಡುತ್ತದೆ. ಈ ಜಜ್ಜುವ ಪದರದ ಕಲ್ಪನೆ ಅಮೆರಿಕದ ಲೊಂಬಾರ್ಡ್ ಎಂಬಾತನದು. 1953ರಲ್ಲಿ ಅವನಿಗೆ ಅದರ ಹಕ್ಕುಪತ್ರ ದೊರೆಯಿತು. ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಧರಿಸಬಾರದೆನ್ನುವುದು ಇದಕ್ಕೇ: ಜಜ್ಜಿದ ಪದರ ಇನ್ನೊಮ್ಮೆ ಜಜ್ಜಲಾರದು. ಗದ್ದದ ಪಟ್ಟಿಯನ್ನು ಕಟ್ಟದಿದ್ದರೆ ತಲೆಗಿಂತ ಮೊದಲು ಟೋಪಿಯೇ ಹಾರಿಹೋಗುತ್ತದೆ.

ಸೈನ್ಯ ಒಂದು ತಿಂಗಳಲ್ಲಿ ಒಪ್ಪಿದ್ದನ್ನು ನಾಗರಿಕರು ಒಪ್ಪಲು ಎಷ್ಟು ಕಾಲ ಹಿಡಿಯಿತು? ಕೇರ್ನ್ಸ್ 1952ರಲ್ಲಿ, ಐವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡ. ಬ್ರಿಟನ್ನಿನ ಎಲ್ಲ ಸವಾರರಿಗೂ ತಲೆಗಾವಲು ಕಡ್ಡಾಯವಾದದ್ದು 1973ರ ಜೂನ್ 1ರಂದು. ಲೇಖನ ಬಂದು 32 ವರ್ಷ. ಲೇಖಕ ಹೋಗಿ 21 ವರ್ಷ. ನಮ್ಮ ತಲೆ ನಮ್ಮದು, ಅದನ್ನು ಒಡೆದುಕೊಳ್ಳುವ ಸ್ವಾತಂತ್ರ್ಯವೂ ನಮ್ಮದು ಎಂಬ ವಾದ ಅಲ್ಲಿಯೂ ಬಲವಾಗಿತ್ತು.

ಹೊರದೇಶದ ಮಾತು ಸಾಕು. ನಮ್ಮ ಮನೆಯಂಗಳಕ್ಕೆ ಬರೋಣ. ಮೋಟಾರು ಸೈಕಲ್ಲು ಮೈಸೂರಿಗೆ ಪರಕೀಯವಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ, ಚೆಕ್ ದೇಶದ ತಂತ್ರಜ್ಞಾನದಲ್ಲಿ, ಜಾವಾ ಗಾಡಿಗಳು ತಯಾರಾದುವು. ಅನಂತರ ಯೆಜ್ಡಿ ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಸ್ಟಾರ್ಟು ಮಾಡುವ ಕಡ್ಡಿಯನ್ನೇ ಮುಂದಕ್ಕೆ ಮಡಿಸಿ ಗೇರಾಗಿ ಮಾಡಿಕೊಳ್ಳುವ ಆ ಗಾಡಿ ನಮ್ಮ ತಂದೆಯವರಲ್ಲಿಯೂ ಇತ್ತು. ಪೆಟ್ರೋಲ್ ಟ್ಯಾಂಕಿನ ಮೇಲೆ ನಾನು, ಹಿಂದೆ ನಮ್ಮ ತಾಯಿ, ಅವರ ಮಡಿಲಲ್ಲಿ ತಂಗಿ. ಮೈಸೂರಿನ ಎಷ್ಟೋ ಸಂಸಾರಗಳು ಚಾಮುಂಡಿ ಬೆಟ್ಟಕ್ಕೆ ಹೋದದ್ದು ಹೀಗೆಯೇ. ಚಳಿಗಾಲದಲ್ಲಿ ತಂದೆಯವರು ಉಣ್ಣೆಯ ಕುಲಾವಿ ಹಾಕುತ್ತಿದ್ದರು. ನೆಗಡಿಯಿಂದ ತಲೆಯನ್ನು ಕಾಪಾಡಬೇಕೆಂಬ ಎಚ್ಚರ ಅವರಿಗಿತ್ತು. ಕಲ್ಲಿನಿಂದ ಕಾಪಾಡಬೇಕೆಂದು ಹೊಳೆದಿರಲಿಲ್ಲ. ನಮಗೆ ಏನೂ ಆಗಲಿಲ್ಲ. ಏನೂ ಆಗದಿದ್ದುದನ್ನೇ ನಾವು ಜಾಣತನವೆಂದು ಬಹಳ ಕಾಲ ನಂಬಿದ್ದೆವು.

ಭಾರತದ 1988ರ ಮೋಟಾರು ವಾಹನ ಕಾಯಿದೆಯ 129ನೆಯ ಪ್ರಕರಣ ಸವಾರನಿಗೆ ತಲೆಗಾವಲನ್ನು ವಿಧಿಸಿತು. ಮುಂಡಾಸು ಧರಿಸಿದ ಸಿಖ್ಖರಿಗೆ ವಿನಾಯಿತಿ ಕೊಟ್ಟಿತು. ಕರ್ನಾಟಕದಲ್ಲಿ ಹಿಂದೆ ಕೂರುವವರಿಗೂ ಅದು ಕಡ್ಡಾಯವಾದದ್ದು 2016ರ ಜನವರಿಯಲ್ಲಿ. 2019ರ ತಿದ್ದುಪಡಿ ನಾಲ್ಕು ವರ್ಷ ದಾಟಿದ ಮಕ್ಕಳನ್ನೂ ಸ್ಪಷ್ಟವಾಗಿ ಸೇರಿಸಿತು. ಭಾರತೀಯ ಮಾನಕ ಸಂಸ್ಥೆಯ ಐಎಸ್ 4151 ಮಾನಕಕ್ಕೆ ಒಪ್ಪದ ಹೆಲ್ಮೆಟ್ಟನ್ನು ಮಾರುವಂತಿಲ್ಲವೆಂಬ ಆಜ್ಞೆ 2021ರ ಜೂನಿನಿಂದ ಜಾರಿಗೆ ಬಂದಿತು. ಕಾಗದದ ಮೇಲೆ ನಮಗೆ ಯಾವ ಕೊರತೆಯೂ ಇಲ್ಲ.

ರಸ್ತೆಯ ಮೇಲೆ? ಕೇಂದ್ರದ ರಸ್ತೆ ಸಾರಿಗೆ ಇಲಾಖೆಯ 2022ರ ವರದಿಯನ್ನು ನೋಡಿದೆ. ಆ ಒಂದು ವರ್ಷದಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಹೆಲ್ಮೆಟ್ಟು ಧರಿಸದೆ ಸತ್ತ ದ್ವಿಚಕ್ರದವರು 50,029. ಅವರಲ್ಲಿ 14,337 ಮಂದಿ ಹಿಂದೆ ಕುಳಿತವರು. ಹೆಲ್ಮೆಟ್ಟಿದ್ದರೆ ಅವರೆಲ್ಲರೂ ಉಳಿಯುತ್ತಿದ್ದರೆಂದು ನಾನು ಹೇಳಲಾರೆ; ಅದು ಸರ್ವಾಂಗ ಕವಚವಲ್ಲ. ಆದರೆ 21 ತಿಂಗಳಿನ 2,279 ಸಾವುಗಳ ಲೆಕ್ಕ ಒಂದು ಸೈನ್ಯವನ್ನು ಅಲುಗಿಸಿತು. 12 ತಿಂಗಳಿನ 50,029 ನಮ್ಮನ್ನು ಅಲುಗಿಸಿದಂತೆ ಕಾಣುವುದಿಲ್ಲ.

ನಾವು ಹೇಳುವ ನೆಪಗಳು ಎಲ್ಲರಿಗೂ ಗೊತ್ತು. ಸೆಕೆ, ಬೆವರು, ಕೂದಲು ಉದುರುತ್ತದೆ, ಹಿಂದಿನ ಗಾಡಿಯ ಸದ್ದು ಕೇಳುವುದಿಲ್ಲ. ಇವುಗಳಲ್ಲೆಲ್ಲ ದೊಡ್ಡದು ಒಂದಿದೆ: "ಇಲ್ಲೇ ಹತ್ತಿರ." ಲಾರೆನ್ಸನೂ ಇಲ್ಲೇ ಹತ್ತಿರದ ಅಂಚೆಗೇ ಹೋಗಿದ್ದ. ಪೊಲೀಸಿನವರ ಕಣ್ಣಿಗೆ ಮಣ್ಣೆರಚಲು ಅರ್ಧ ತಲೆಯ ಚಿಪ್ಪೊಂದನ್ನು ಕವುಚಿಕೊಳ್ಳುವುದೂ ಇದೇ ಜಾತಿಯ ಜಾಣತನ. ನಾವು ಹೆಲ್ಮೆಟ್ಟು ಧರಿಸುವುದು ದಂಡಕ್ಕೆ ಹೆದರಿ. ಅದನ್ನು ಕಂಡುಹಿಡಿದದ್ದು ಮಾತ್ರ ದಂಡಕ್ಕಾಗಿಯಲ್ಲ.

ಇದನ್ನೆಲ್ಲ ನಾನು ತರಗತಿಯಲ್ಲಿ ಮೊದಲೇ ಹೇಳಬಹುದಾಗಿತ್ತು. ಗದಾಯುದ್ಧದ ಪಾಠದಲ್ಲಿ ಕವಚ, ಗುರಾಣಿ, ಶಿರಸ್ತ್ರಾಣಗಳ ಅರ್ಥವನ್ನು ಹಲಗೆಯ ಮೇಲೆ ಎಷ್ಟು ಸಲ ಬರೆದಿಲ್ಲ! ಕಿಟಕಿಯಾಚೆ ಸಾಲಾಗಿ ನಿಂತ ಗಾಡಿಗಳ ಹ್ಯಾಂಡಲ್ಲುಗಳಲ್ಲಿ ಅದೇ ಶಿರಸ್ತ್ರಾಣಗಳು ತೂಗುತ್ತಿದ್ದುವು. ಅತ್ತ ಕೈತೋರಿಸಿ ಒಂದು ಮಾತು ಆಡಬೇಕೆಂದು ನನಗೆ ತೋಚಲಿಲ್ಲ. ಈಗ ತೋರಿಸುತ್ತೇನೆ. ಹುಡುಗರು ನಗುತ್ತಾರೆ, ನಗಲಿ.

ಆ ಹುಡುಗ ಈಗ ವಾರಕ್ಕೊಮ್ಮೆ ನಮ್ಮ ಮನೆಗೆ ಬರುತ್ತಾನೆ. ಅವನ ತಮ್ಮ ಗಾಡಿಯಲ್ಲಿ ಕರೆದು ತರುತ್ತಾನೆ. ಇಬ್ಬರ ತಲೆಯ ಮೇಲೂ ಹೆಲ್ಮೆಟ್ಟು ಇರುತ್ತದೆ. ಬಂದವನು ಗದ್ದದ ಪಟ್ಟಿಯನ್ನು ನಿಧಾನವಾಗಿ ಬಿಚ್ಚಿ, ಹೆಲ್ಮೆಟ್ಟನ್ನು ಜಗಲಿಯ ಮೇಲಿಟ್ಟು ಕುಳಿತುಕೊಳ್ಳುತ್ತಾನೆ. ನಾನು ಒಂದು ಸಾಲು ಹೇಳುತ್ತೇನೆ, ಅವನು ಹೇಳುತ್ತಾನೆ. ಕಳೆದ ವಾರ ಒಂದು ಷಟ್ಪದಿಯಲ್ಲಿ ಮೂರನೆಯ ಸಾಲಿನವರೆಗೆ ತಾನಾಗಿಯೇ ಬಂದ. ನಾಲ್ಕನೆಯದಕ್ಕೆ ನಿಂತ. ನಾವಿಬ್ಬರೂ ಕಾದೆವು.