ಬೆಲೆಯುಳ್ಳ ಕುದುರೆಗೆ ಮೃದುವಾದ ಕೈ

ಬೆಂಗಳೂರಿನ ಸುದ್ದಗುಂಟೆಪಾಳ್ಯದ ಪೂರ್ವಕ್ಕೆ ಹಾದುಹೋಗುವ ಹೊಸೂರು ರಸ್ತೆಯು ಇಂದು ವಾಹನದಟ್ಟಣೆಗೆ ಹೆಸರಾಗಿದೆಯಾದರೂ, 19ನೇ ಶತಮಾನದಲ್ಲಿ ಅದರ ಇನ್ನೊಂದು ತುದಿಯ ಹೊಸೂರಿನಲ್ಲಿ ಮದರಾಸು ಸೇನೆಯ ರಿಮೌಂಟ್ ಡಿಪೋ, ಅಂದರೆ ಅಶ್ವದಳಕ್ಕೆ ಹೊಸ ಕುದುರೆಗಳನ್ನು ಸಾಕಿ, ಪಳಗಿಸಿ ಒದಗಿಸುವ ಕೇಂದ್ರ ಇತ್ತು. ಈ ಸೀಮೆಯಲ್ಲಿ ಕುದುರೆಯನ್ನು ಮನಬಂದಂತೆ ಹೊಡೆಯದೆ ಬಡಿಯದೆ ಪಳಗಿಸುವ ಪದ್ಧತಿ ಬೆಳೆದುಬಂದ ಬಗೆಯನ್ನು ಹಿಂದಿನಿಂದ ನೋಡುತ್ತ ಬಂದರೆ, ಅದು ದಯೆಗಿಂತ ಹೆಚ್ಚಾಗಿ ಕುದುರೆಯ ಬೆಲೆಯನ್ನು ಅನುಸರಿಸಿತೆಂದು ತೋರುತ್ತದೆ.

ದಕ್ಷಿಣದ ಹವೆ ಮತ್ತು ಹುಲ್ಲು ಉತ್ತಮ ತಳಿಯ ಕುದುರೆಗೆ ಒಗ್ಗುತ್ತಿರಲಿಲ್ಲವಾದ್ದರಿಂದ ಅರಸರು ಅರಬ್ಬೀ ಮತ್ತು ಪಾರಸಿ ಕುದುರೆಗಳನ್ನು ಭಟ್ಕಳ, ಗೋವೆಗಳ ಬಂದರುಗಳ ಮೂಲಕ ತರಿಸಿಕೊಳ್ಳಬೇಕಾಗಿತ್ತು. ವಿಜಯನಗರದ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಸಂಖ್ಯೆ ಉತ್ಪ್ರೇಕ್ಷೆಯೇ ಇರಬಹುದು, ಆದರೆ ಸಮುದ್ರ ದಾಟಿ ಬಂದ ಪ್ರಾಣಿ ಒರಟು ಕೈಗೆ ಸಿಕ್ಕಿ ಕೆಟ್ಟರೆ ಬೊಕ್ಕಸಕ್ಕೆ ಆಗುವ ನಷ್ಟ ಮಾತ್ರ ನಿಜವಾದದ್ದೇ. ಕುದುರೆಯ ವಿದ್ಯೆ ಗ್ರಂಥಗಳಿಗೆ ಏರಿದ್ದು ವಿಜಯನಗರಕ್ಕೂ ಮೊದಲೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ವೈಹಾಳಿಗೆ, ಅಂದರೆ ಬಯಲಿನಲ್ಲಿ ನಡೆಯುವ ಸವಾರಿಯ ವಿನೋದಕ್ಕೆ, ಪ್ರತ್ಯೇಕ ಸ್ಥಾನ ದೊರೆತಿದೆ. ಕನ್ನಡದಲ್ಲಿಯೂ ಸುಮಾರು 1400ರಲ್ಲಿ ಅಭಿನವಚಂದ್ರನ ‘ಅಶ್ವವೈದ್ಯ’, 1627ರಲ್ಲಿ ಪದ್ಮಣ ಪಂಡಿತನ ‘ಹಯಸಾರ ಸಮುಚ್ಚಯ’ ಹುಟ್ಟಿದವು. ಕುದುರೆಯ ಐದು ಬಗೆಯ ನಡೆಗಳನ್ನು ‘ಪಂಚಧಾರೆ’ ಎಂದು ಎಣಿಸಿದ ಈ ಶಾಸ್ತ್ರಪರಂಪರೆ ಚಾವಟಿಯನ್ನು ನಿಷೇಧಿಸಲಿಲ್ಲ. ಯಾವ ತಪ್ಪಿಗೆ ಮೈಯ ಯಾವ ಭಾಗದಲ್ಲಿ ಪೆಟ್ಟು ಎಂಬುದನ್ನು ನಿಗದಿಗೊಳಿಸಿ, ಅಕಾಲದ ಮತ್ತು ಅಸ್ಥಾನದ ಪೆಟ್ಟಿನಿಂದ ಕುದುರೆ ಕೆಡುತ್ತದೆಂದು ಎಚ್ಚರಿಸಿತು. ಕೋಪದಲ್ಲಿ ಕುದುರೆಯ ಬಳಿ ಹೋಗಬಾರದೆಂದು ಗ್ರೀಸಿನ ಕ್ಸೆನೊಫೋನ್ ಕ್ರಿಸ್ತಪೂರ್ವ 4ನೇ ಶತಮಾನದಲ್ಲಿಯೇ ಹೇಳಿದ್ದನು, ಅವನೂ ಅಶ್ವದಳದವನೇ.

ಹೊಸೂರಿನ ಡಿಪೋದ ಕಾಲಕ್ಕೆ ಕುದುರೆ ಬರುವ ದಿಕ್ಕು ಬದಲಾಯಿತು. ನ್ಯೂ ಸೌತ್ ವೇಲ್ಸ್‌ನಿಂದ ಹಡಗೇರಿ ಮದರಾಸಿಗೆ ಬರುತ್ತಿದ್ದ ‘ವೇಲರ್’ ಎಂಬ ಆಸ್ಟ್ರೇಲಿಯದ ಕುದುರೆಗಳನ್ನು ಸೇನೆ ಕೊಳ್ಳತೊಡಗಿತು. ಇಂಥ ಎಳೆಯ ಕುದುರೆಯನ್ನು ಮೊದಲು ಉದ್ದನೆಯ ಹಗ್ಗದಲ್ಲಿ ಸುತ್ತು ತಿರುಗಿಸಿ, ಬಳಿಕ ಕಡಿವಾಣಕ್ಕೂ ಜೀನಿಗೂ ಒಗ್ಗಿಸಿ, ಕೊನೆಗೆ ಸವಾರನ ಭಾರ ಹೊರಿಸುವುದು ಸೇನೆಗಳಲ್ಲಿ ರೂಢಿಯಾಗಿದ್ದ ಕ್ರಮ. ಸವಾರಿಯ ಪುಸ್ತಕಗಳಲ್ಲಿ ಅಧಿಕಾರಿಯ ಹೆಸರಿರುತ್ತದೆ. ಆದರೆ ಬೆಳಗಿನ ಮಾಲೀಶು, ಹುರುಳಿ, ಗೊರಸಿನ ಶುಚಿ ಇವೆಲ್ಲ ಸೈಸನ, ಅಂದರೆ ಲಾಯದ ಆಳಿನ ಪಾಲಿಗೆ ಬಂದವು. ಕುದುರೆ ಮನುಷ್ಯನನ್ನು ನಂಬಲು ಕಲಿತದ್ದು ಬಹುಮಟ್ಟಿಗೆ ಆತನ ಕೈಯಲ್ಲಿಯೇ ಇರಬೇಕು.

ನಗರದ ಜಟಕಾ ಎಳೆಯುತ್ತಿದ್ದ ತಟ್ಟುವಿಗೆ, ಅಂದರೆ ಅಗ್ಗದ ಗಿಡ್ಡ ನಾಡುಕುದುರೆಗೆ, ಈ ಸಾವಧಾನ ದಕ್ಕಲಿಲ್ಲ. ದಿನದ ಸಂಪಾದನೆಯಿಂದಲೇ ತನ್ನ ಮನೆಗೂ ಕುದುರೆಗೂ ಹೊಟ್ಟೆ ತುಂಬಿಸಬೇಕಾದ ಜಟಕಾದವನಿಗೆ ತಿಂಗಳುಗಟ್ಟಲೆ ತರಬೇತಿ ನೀಡುವ ಬಿಡುವಿರಲಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ 1965ರಲ್ಲಿ ಬಂದ ನಿಯಮಗಳು ದುಡಿಯುವ ಪ್ರಾಣಿಗೆ ಮುಳ್ಳಿನ ಕಡಿವಾಣ ಹಾಕುವುದನ್ನು, ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸುವುದನ್ನು ನಿಷೇಧಿಸಿದವು. ಆದರೆ ಆ ವೇಳೆಗಾಗಲೇ ಬೆಂಗಳೂರಿನ ರಸ್ತೆಗಳಲ್ಲಿ ಜಟಕಾದ ಬಾಡಿಗೆಯನ್ನು ಆಟೋರಿಕ್ಷಾ ಕಸಿಯತೊಡಗಿತ್ತು.