ಆರು ಗಂಟುಗಳ ಪಯಣ

1493ರ ನವೆಂಬರ್. ಮಿಲಾನಿನ ಅರಮನೆಯಲ್ಲಿ ಮದುವೆಯ ಸಡಗರ. ತನ್ನ ನೇರಳೆ ಮಖಮಲ್ಲಿನ ಉಡುಪಿನ ಮೇಲೆ ಒಂದರೊಳಗೊಂದು ಹೆಣೆದುಕೊಂಡ ಎಳೆಗಳ ವಿನ್ಯಾಸವನ್ನು ಗಟ್ಟಿ ಚಿನ್ನದಲ್ಲೇ ಮಾಡಿಸಬೇಕೆಂದು ಮಿಲಾನನ್ನು ಆಳುತ್ತಿದ್ದವನ ಮಡದಿ ಬಿಯಾಟ್ರಿಚೆ ದೆಸ್ತೆಗೆ ಆಸೆ. ಆದರೆ ಕವಿ ನಿಕೊಲೊ ದಾ ಕೊರೆಜ್ಜೊ ಅದನ್ನು ಮೊದಲು ಸೂಚಿಸಿದ್ದು ಅವಳ ಅಕ್ಕ ಇಸಬೆಲ್ಲಾಳಿಗೆ. ಅಕ್ಕ ಇನ್ನೂ ಮಾಡಿಸಿಲ್ಲವಾದರೆ ತಾನು ಮಾಡಿಸುವೆನೆಂದು ಅವಳು ಕಾಗದ ಬರೆದು ಕೇಳಿದಳು.

ಲಿಯೊನಾರ್ಡೊ ಡಾ ವಿಂಚಿ ಆಗ ಇದ್ದದ್ದು ಇದೇ ಆಸ್ಥಾನದಲ್ಲಿ. 1498ರಲ್ಲಿ ಅವನು ಸ್ಫೋರ್ಜಾ ಕೋಟೆಯ ಒಂದು ಸಭಾಂಗಣದ ಚಾವಣಿಗೆ ಹಿಪ್ಪುನೇರಳೆ ಮರಗಳನ್ನು ಹಬ್ಬಿಸಿ, ಕೊಂಬೆಗಳ ನಡುವೆ ಚಿನ್ನದ ಬಣ್ಣದ ಹಗ್ಗವೊಂದನ್ನು ಸುತ್ತಿಸಿದ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಅವನ ಆರು ಗಂಟು ವಿನ್ಯಾಸಗಳು ತಾಮ್ರದ ತಗಡಿನಲ್ಲಿ ಕೊರೆಯಲ್ಪಟ್ಟು ಅಚ್ಚಾದವು. ಎಳೆ ಒಮ್ಮೆ ಮೇಲೆ ಹಾಯುತ್ತದೆ, ಮರುಕ್ಷಣ ಕೆಳಗೆ ನುಸುಳುತ್ತದೆ. ಈ ನಿಯಮ ತಪ್ಪದೆ ವೃತ್ತ ತುಂಬಿಕೊಳ್ಳುತ್ತದೆ. ನಡುವೆ ‘ಲಿಯೊನಾರ್ಡೊ ವಿಂಚಿಯ ಅಕಾಡೆಮಿ’ ಎಂಬರ್ಥದ ಲ್ಯಾಟಿನ್ ಬರಹ. ಅಂಥ ಅಕಾಡೆಮಿ ನಿಜಕ್ಕೂ ಇತ್ತೇ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ.

ಈ ಹೆಣಿಗೆಯ ರುಚಿಯನ್ನು ಇಟಲಿಗೆ ಹತ್ತಿಸಿದವರಲ್ಲಿ ಡಮಾಸ್ಕಸ್, ಕೈರೋಗಳ ಕುಶಲಕರ್ಮಿಗಳೂ ಇದ್ದರು. ಅವರು ಬೆಳ್ಳಿ ಕೂರಿಸಿದ ಹಿತ್ತಾಳೆ ಪಾತ್ರೆಗಳು ವೆನಿಸ್‌ನ ವ್ಯಾಪಾರದಲ್ಲಿ ಓಡಾಡುತ್ತಿದ್ದವು.

1505ರಿಂದ 1507ರವರೆಗೆ ವೆನಿಸ್‌ನಲ್ಲಿದ್ದ ಜರ್ಮನ್ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ ಲಿಯೊನಾರ್ಡೊನ ಆ ಆರು ಗಂಟುಗಳನ್ನೂ ಮರದ ಅಚ್ಚಿಗೆ ತಂದ. ತಾಮ್ರದಲ್ಲಿ ಕೊರೆದ ಗೆರೆ ಮಸಿ ಹಿಡಿಯುತ್ತದೆ. ಮರದಲ್ಲಿ ಕೊರೆದ ಜಾಗ ಬಿಳಿಯಾಗಿ ಉಳಿಯುತ್ತದೆ. ಹೀಗಾಗಿ ಕಪ್ಪು ನೆಲದ ಮೇಲೆ ಬಿಳಿ ಎಳೆ ಮೂಡಬೇಕಾದರೆ ಮರದಲ್ಲಿ ಆ ಎಳೆಯನ್ನೇ ಕೊರೆಯಬೇಕು. ಉಳಿ ಒಂದು ಕಡೆ ಜಾರಿದರೂ ಎಳೆ ಪಕ್ಕದ್ದಕ್ಕೆ ಅಂಟಿಕೊಳ್ಳುತ್ತದೆ. ಎಂಥ ಕೈಯಿರಬೇಕು! ಲಿಯೊನಾರ್ಡೊ ಹೆಸರನ್ನು ಡ್ಯೂರರ್ ಕೈಬಿಟ್ಟ, ತನ್ನದನ್ನೂ ಹಾಕಲಿಲ್ಲ. ಅವನ ಮೊದಲಕ್ಷರಗಳ ಗುರುತು ಸೇರಿದ್ದು ನಂತರದ ಮುದ್ರಣಗಳಲ್ಲಿ.

ನೆದರ್ಲೆಂಡ್ಸ್ ಪ್ರವಾಸದ ದಿನಚರಿಯಲ್ಲಿ, ಗಾಜಿನ ಮೇಲೆ ಚಿತ್ರ ಬರೆಯುವ ಡೀಟ್ರಿಚ್ ಎಂಬವನಿಗೆ ‘ಆರು ಗಂಟು’ಗಳನ್ನು ಕೊಟ್ಟದ್ದಾಗಿ ಡ್ಯೂರರ್ ಬರೆದಿಟ್ಟಿದ್ದಾನೆ. 1527ರಲ್ಲಿ ವೆನಿಸ್‌ನ ತಾಲ್ಯೆಂತೆ ಎಂಬವನು ಕಸೂತಿಗೆಂದೇ ಮಾದರಿ ಪುಸ್ತಕ ಅಚ್ಚು ಹಾಕಿಸಿದ. 1530ರಲ್ಲಿ ಫ್ರಾಂಚೆಸ್ಕೊ ಪೆಲ್ಲೆಗ್ರಿನೊನ ಹೆಣಿಗೆ ವಿನ್ಯಾಸಗಳ ಪುಸ್ತಕ ಪ್ಯಾರಿಸ್‌ನಲ್ಲಿ ಬಂತು. ಹೀಗೆ ಆಸ್ಥಾನದ ಬೆಡಗು ಕುಶಲಕರ್ಮಿಗಳ ಕೈಗೆಟುಕಿತು.

ಹಗ್ಗದ ಗಂಟು ಬರೆಯುತ್ತ ಲಿಯೊನಾರ್ಡೊ ಕಾಲ ಹಾಳು ಮಾಡಿದ ಎಂದು ಅವನ ಚರಿತ್ರೆ ಬರೆದ ವಸಾರಿ ದೂರಿದ್ದ. ಈ ಆರು ಹಾಳೆಗಳು ನಡೆದ ದಾರಿ ಕಂಡವರು ಆ ಮಾತನ್ನು ಒಪ್ಪಲಾರರು. ಕಲಾ ಇತಿಹಾಸಕಾರ ಆನಂದ ಕುಮಾರಸ್ವಾಮಿ 1944ರಲ್ಲಿ ಈ ಗಂಟುಗಳ ಮೇಲೆಯೇ ದೀರ್ಘ ಲೇಖನ ಬರೆದು, ಎಲ್ಲವನ್ನೂ ಪೋಣಿಸುವ ಸೂತ್ರಾತ್ಮನ ಕಲ್ಪನೆಯೊಂದಿಗೆ ಅವುಗಳನ್ನು ಕೂಡಿಸಿ ಓದಿದರು.