ಮನೆಯ ಕಾರ್ಡಿನಲ್ಲಿ ಕೊನೆಯ ಹೆಸರು: ಹಿರಿಯರ ಆರೋಗ್ಯ ವಿಮೆ ಮತ್ತು ‘ಕುಟುಂಬ’ವೆಂಬ ಘಟಕ

ಭಾರತದ ಹಿರಿಯರ ಆರೋಗ್ಯ ವಿಮೆಯ ಕುರಿತ ಅಧ್ಯಯನಗಳಲ್ಲಿ ಹೆಚ್ಚಿನವು ಒಂದೇ ಜಾಡು ಹಿಡಿಯುತ್ತವೆ. ವಯಸ್ಸು, ಲಿಂಗ, ಓದು, ಆದಾಯ, ಹಳ್ಳಿಯೋ ಪಟ್ಟಣವೋ ಎಂಬ ಚಲಕಗಳನ್ನು ಜೋಡಿಸಿ, ಓದಿದವರಿಗೂ ಉಳ್ಳವರಿಗೂ ವಿಮೆ ಹೆಚ್ಚು ಎಂದು ತೋರಿಸಿ, ಉಳಿದವರಲ್ಲಿ ಜಾಗೃತಿ ಮೂಡಿಸಬೇಕೆಂಬ ಸಲಹೆಗೆ ಬಂದು ನಿಲ್ಲುತ್ತವೆ. ಸಮೀಕ್ಷೆಗಳ ಸಿದ್ಧ ಉತ್ತರಗಳೂ ಇದಕ್ಕೆ ಒಪ್ಪುವಂತೆಯೇ ಇವೆ: ಗೊತ್ತಿರಲಿಲ್ಲ, ದುಡ್ಡಿಲ್ಲ, ಬೇಕೆನಿಸಲಿಲ್ಲ. ಈ ಮೂರೂ ಉತ್ತರಗಳು, ವಿಮೆ ಮಾಡಿಸುವ ತೀರ್ಮಾನ ಆ ಹಿರಿಯರದ್ದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತವೆ. ನನ್ನ ತಕರಾರು ಅಲ್ಲಿಂದ ಶುರುವಾಗುತ್ತದೆ. ನಮ್ಮ ಸಾರ್ವಜನಿಕ ವಿಮೆಯ ಲೆಕ್ಕದಲ್ಲಿ ಹಿರಿಯರು ಬಹುಕಾಲ ಬೇರೆಯವರ ಕಾರ್ಡಿನಲ್ಲಿ ಒಂದು ಹೆಸರಾಗಿದ್ದರು. ಆ ಹೆಸರು ಸೇರುವುದೂ ಬಿಡುವುದೂ ಇನ್ನೊಬ್ಬರ ಕೈಯಲ್ಲಿತ್ತು.

ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಹಾರ್ವರ್ಡ್ ಮತ್ತು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳ ಜೊತೆಗೂಡಿ 2017-18ರಲ್ಲಿ ನಡೆಸಿದ ಲಾಸಿ (ಭಾರತದ ವೃದ್ಧಾಪ್ಯ ಕುರಿತ ದೀರ್ಘಕಾಲಿಕ ಅಧ್ಯಯನ) ಸಮೀಕ್ಷೆಯ ಪ್ರಕಾರ, 60 ದಾಟಿದವರಲ್ಲಿ ಆರೋಗ್ಯ ವಿಮೆ ಇದ್ದವರು ಸುಮಾರು ಶೇ 18. ಎರಡು ಮೂರು ವರ್ಷಗಳ ಅಂತರದಲ್ಲಿ, 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಶೇ 41ರಷ್ಟು ಕುಟುಂಬಗಳಿಗೆ ವಿಮೆ ಇದೆಯೆಂದಿತು. ನಡುವೆ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ ಬಂದದ್ದು ಈ ಜಿಗಿತಕ್ಕೆ ಒಂದು ಕಾರಣವಿರಬಹುದು. ಆದರೆ ಎರಡನೆಯ ಸಮೀಕ್ಷೆ ಎಣಿಸಿದ್ದು ಒಬ್ಬ ಸದಸ್ಯರಿಗಾದರೂ ವಿಮೆ ಇರುವ ಮನೆಗಳನ್ನು. ಮಗನೊಬ್ಬನಿಗೆ ವಿಮೆ ಇದ್ದರೆ ಸಾಕು, ತಾಯಿಗೆ ಏನೂ ಇಲ್ಲದಿದ್ದರೂ ಮನೆ ವಿಮೆಯ ಮನೆಯೇ. ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಪ್ರಗತಿ ಎನ್ನುವ ವರದಿಗಳನ್ನು ಅನುಮಾನದಿಂದಲೇ ಓದಬೇಕು.

ಕುಟುಂಬವೆಂಬ ಘಟಕ ಹಿರಿಯರನ್ನು ಹೇಗೆ ಅಂಚಿಗೆ ತಳ್ಳಿತು ಎಂಬುದಕ್ಕೆ 2008ರ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಗಿಂತ ಒಳ್ಳೆಯ ನಿದರ್ಶನ ಬೇಡ. ಬಡ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿವರೆಗಿನ ಆಸ್ಪತ್ರೆ ಖರ್ಚು. ನೋಂದಣಿ ಶುಲ್ಕ ಬರೀ 30 ರೂಪಾಯಿ. ವಯಸ್ಸಿನ ಮಿತಿಯೂ ಇರಲಿಲ್ಲ. ಮೇಲುನೋಟಕ್ಕೆ ಹಿರಿಯರಿಗೆ ಇದಕ್ಕಿಂತ ಅನುಕೂಲವಾದದ್ದು ಇನ್ನೇನಿದ್ದೀತು? ತೊಡಕಿದ್ದದ್ದು ಐದು ಜನರ ಮಿತಿಯಲ್ಲಿ. ಊರಿಗೆ ಬಂದ ಶಿಬಿರದಲ್ಲಿ ಯಜಮಾನ, ಹೆಂಡತಿ, ಮೇಲೆ ಮೂವರು ಅವಲಂಬಿತರ ಫೋಟೊ, ಬೆರಳಚ್ಚು ತೆಗೆದು ಸ್ಮಾರ್ಟ್ ಕಾರ್ಡ್ ಕೊಡುತ್ತಿದ್ದರು. ಮೂರು ಮಕ್ಕಳು, ಮೇಲೆ ವಯಸ್ಸಾದ ತಾಯಿ ಇರುವ ಮನೆಯ ಯಜಮಾನ ಆ ಮೇಜಿನ ಮುಂದೆ ನಿಂತು ಒಂದು ಹೆಸರನ್ನು ಬಿಡಲೇಬೇಕು. ಯಾವ ಹೆಸರು ಎಂದು ಊಹಿಸುವುದು ಕಷ್ಟವಲ್ಲ. ಅವನನ್ನು ಕಟುಕನೆನ್ನುವುದೂ ಸರಿಯಲ್ಲ. ಆಯ್ಕೆಯನ್ನು ಅವನ ತಲೆಗೆ ಕಟ್ಟಿದ್ದು ಯೋಜನೆಯ ನಿಯಮ. ಮುಂದೆ 2016ರಲ್ಲಿ ಹಿರಿಯ ನಾಗರಿಕರಿಗೆ ಇನ್ನೊಂದು 30,000 ರೂಪಾಯಿಯನ್ನು ಸೇರಿಸಿದಾಗಲೂ ಅದು ಈ ಚೌಕಟ್ಟಿನ ಮೇಲೆಯೇ ಕೂತಿತು.

ಕರ್ನಾಟಕದ ಯಶಸ್ವಿನಿ ಯೋಜನೆ ಇದಕ್ಕಿಂತ ಹಳೆಯದು. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿಯವರ ಪ್ರೇರಣೆಯಿಂದ 2003ರಲ್ಲಿ ಸಹಕಾರ ಸಂಘಗಳ ಮೂಲಕ ಜಾರಿಗೆ ಬಂದಾಗ ತಲೆಗೆ ವರ್ಷಕ್ಕೆ 60 ರೂಪಾಯಿ ವಂತಿಗೆ, 75 ವರ್ಷದವರೆಗೆ ಪ್ರವೇಶ. ತಲೆಲೆಕ್ಕದ ವಂತಿಗೆಗೆ ಒಂದು ಗುಣವಿತ್ತು, ಹಿರಿಯರೂ ಒಂದು ತಲೆಯೇ ಆಗಿದ್ದರು. 2022ರಲ್ಲಿ ಯೋಜನೆಗೆ ಮತ್ತೆ ಜೀವ ಬಂದಾಗ ಲೆಕ್ಕ ಬದಲಾಯಿತು: ಗ್ರಾಮೀಣ ಭಾಗದ ನಾಲ್ವರ ಕುಟುಂಬಕ್ಕೆ 500 ರೂಪಾಯಿ, ಆಚೆಗಿನ ಪ್ರತಿ ಸದಸ್ಯರಿಗೆ 100 ರೂಪಾಯಿ. ನೂರು ರೂಪಾಯಿ ದೊಡ್ಡ ಮೊತ್ತವಲ್ಲ, ನಿಜ. ಆದರೆ ಗಂಡ, ಹೆಂಡತಿ, ಎರಡು ಮಕ್ಕಳಾದ ಮೇಲೆ ಅಜ್ಜಿ ‘ಹೆಚ್ಚುವರಿ ಸದಸ್ಯೆ’.

2018ರ ಸೆಪ್ಟೆಂಬರಿನಲ್ಲಿ ರಾಂಚಿಯಲ್ಲಿ ಚಾಲನೆಗೊಂಡ ಜನ ಆರೋಗ್ಯ ಯೋಜನೆ ಸದಸ್ಯರ ಸಂಖ್ಯೆಯ ಮಿತಿಯನ್ನು ತೆಗೆದುಹಾಕಿತು. ಇದು ದೊಡ್ಡ ತಿದ್ದುಪಡಿ. ಆದರೂ ಕುಟುಂಬ ಯಾವುದು ಎಂಬ ಪ್ರಶ್ನೆ ಉಳಿಯಿತು. ಕೇಂದ್ರ 2011ರ ಸಾಮಾಜಿಕ-ಆರ್ಥಿಕ ಗಣತಿಯ ಪಟ್ಟಿಯನ್ನು ನೆಚ್ಚಿತು; ಕರ್ನಾಟಕದಲ್ಲಿ ರೇಷನ್ ಕಾರ್ಡೇ ಆಧಾರ. ಅಣ್ಣತಮ್ಮಂದಿರು ಪಾಲಾಗಿ ಮೂರು ಒಲೆ ಹೂಡಿದ ಮನೆಗಳಲ್ಲಿ ತಾಯಿಯ ಹೆಸರು ಒಬ್ಬನ ಕಾರ್ಡಿನಲ್ಲಿರುತ್ತದೆ, ಊಟ ಇನ್ನೊಬ್ಬನಲ್ಲಿ, ಆಸ್ಪತ್ರೆಗೆ ಕರೆದೊಯ್ಯುವವನು ಮೂರನೆಯವನು. ಗ್ರಾಮ ಒನ್ ಕೇಂದ್ರದ ಕೌಂಟರಿನಲ್ಲಿ ಇದು ಬಿಚ್ಚಿಕೊಳ್ಳುತ್ತದೆ. ಕಳೆ ಕಿತ್ತು, ಪಾತ್ರೆ ತಿಕ್ಕಿ ಸವೆದ ಹೆಬ್ಬೆಟ್ಟನ್ನು ಯಂತ್ರ ಒಪ್ಪುವುದಿಲ್ಲ, ‘ತಂಬ್ ಬರ್ತಿಲ್ಲ ಅಜ್ಜಿ’. ಒಟಿಪಿ ಹೋಗುವುದು ಬೆಂಗಳೂರಿನಲ್ಲಿರುವ ಮಗನ ಫೋನಿಗೆ. ಮುಖ ಗುರುತಿಸುವ ವ್ಯವಸ್ಥೆ ಬಂದ ಮೇಲೆ ಮೊದಲನೆಯ ತೊಡಕು ಸಡಿಲವಾಗಿದೆ. ಎರಡನೆಯದು ತಂತ್ರಜ್ಞಾನದ ತೊಡಕೇ ಅಲ್ಲ.

ಕಾರ್ಡ್ ಕೈಗೆ ಬಂದರೂ ಬಳಕೆ ಬೇರೆ ಮಾತು. ಲಾಸಿ ಲೆಕ್ಕದಲ್ಲಿ ಹಿರಿಯರಲ್ಲಿ ಮೂವರಲ್ಲಿ ಒಬ್ಬರಿಗೆ ರಕ್ತದೊತ್ತಡ, ಏಳರಲ್ಲಿ ಒಬ್ಬರಿಗೆ ಮಧುಮೇಹ. ಇವರ ಖರ್ಚು ತಿಂಗಳು ತಿಂಗಳ ಬಿಪಿ-ಶುಗರ್ ಮಾತ್ರೆಯದು. ಜನ ಆರೋಗ್ಯ ಯೋಜನೆ ಭರಿಸುವುದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದ ಮೇಲಿನ ಖರ್ಚನ್ನು. ರಾಜ್ಯದ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ದಲ್ಲಿ, ತುರ್ತು ಸಂದರ್ಭ ಬಿಟ್ಟರೆ, ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಲೆಟರ್ ಪಡೆದೇ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಖಜಾನೆಯ ಹಿತದೃಷ್ಟಿಯಿಂದ ಈ ಕಟ್ಟುಪಾಡು ಸರಿಯೇ. ಮಂಡಿನೋವಿನ ಮುದುಕಿಗೆ ಮಾತ್ರ ಇದೆಂದರೆ ಎರಡು ಸಲ ಬಸ್ಸು, ಎರಡು ಸಲ ಜೊತೆಗಾರ, ಆ ಜೊತೆಗಾರನ ಎರಡು ದಿನದ ಕೂಲಿ. ಹೀಗಿರುವಾಗ ‘ಬೇಕೆನಿಸಲಿಲ್ಲ’ ಎಂಬ ಉತ್ತರವನ್ನು ಅಜ್ಞಾನವೆಂದು ದಾಖಲಿಸುವುದು ಸಂಶೋಧಕರ ಸೋಮಾರಿತನ.

2024ರ ಅಕ್ಟೋಬರ್ 29ರಂದು ಚಾಲನೆ ಪಡೆದ ಆಯುಷ್ಮಾನ್ ವಯ ವಂದನಾ ಕಾರ್ಡ್ ಈ ಚರಿತ್ರೆಯಲ್ಲಿ ನಿಜವಾದ ತಿರುವು. 70 ತುಂಬಿದವರೆಲ್ಲರೂ, ಆದಾಯ ಎಷ್ಟೇ ಇರಲಿ, ಆಧಾರ್ ತೋರಿಸಿ ತಮ್ಮ ಹೆಸರಿನಲ್ಲೇ ಕಾರ್ಡ್ ಪಡೆಯಬಹುದು. ಮೊದಲೇ ಯೋಜನೆಯಲ್ಲಿರುವ ಮನೆಯ ಹಿರಿಯರಿಗೆ ಪ್ರತ್ಯೇಕವಾಗಿ 5 ಲಕ್ಷ ರೂಪಾಯಿ. ಅದನ್ನು ಕಿರಿಯರೊಂದಿಗೆ ಹಂಚಿಕೊಳ್ಳಬೇಕಿಲ್ಲ. ಸುಮಾರು ಆರು ಕೋಟಿ ಜನರಿಗೆ ಅನ್ವಯಿಸುವ ಈ ಕ್ರಮದಲ್ಲಿ ಹಿರಿಯರು ಮೊದಲ ಬಾರಿಗೆ ತಾವೇ ಒಂದು ಘಟಕವಾದರು.

ಎಪ್ಪತ್ತೇ ಏಕೆ? ಘಾನಾ ದೇಶ 2003ರ ತನ್ನ ರಾಷ್ಟ್ರೀಯ ಆರೋಗ್ಯ ವಿಮಾ ಕಾಯ್ದೆಯಲ್ಲಿ ವಂತಿಗೆ ವಿನಾಯಿತಿಗೆ ಇದೇ ವಯಸ್ಸನ್ನು ಗೊತ್ತುಮಾಡಿತ್ತು. ಖಜಾನೆಗೆ ಹೊರೆ ಕಡಿಮೆ ಎಂಬುದು ಬಿಟ್ಟರೆ ಈ ಗೆರೆಗೆ ವೈದ್ಯಕೀಯ ಆಧಾರ ನನಗೆ ಕಾಣುವುದಿಲ್ಲ. ನಮ್ಮ ಕಾನೂನು ಹಿರಿಯ ನಾಗರಿಕರೆನ್ನುವುದು 60 ತುಂಬಿದವರನ್ನು. ನಡುವಿನ ಹತ್ತು ವರ್ಷ, ಬಡವರ ಪಟ್ಟಿಯಲ್ಲಿಲ್ಲದ, ಪಿಂಚಣಿಯೂ ಇಲ್ಲದ ಸಣ್ಣ ಅಂಗಡಿಯವರು, ಟೈಲರುಗಳು, ಖಾಸಗಿ ಶಾಲೆಯ ನಿವೃತ್ತ ಮೇಷ್ಟ್ರುಗಳು ಮಾರುಕಟ್ಟೆಗೆ ಬಿದ್ದಿರುತ್ತಾರೆ.

ಆ ಮಾರುಕಟ್ಟೆಯೂ ತುಸು ಬದಲಾಗಿದೆ. 65 ದಾಟಿದವರಿಗೆ ಹೊಸ ಪಾಲಿಸಿ ಕೊಡಲೇಬೇಕೆಂಬ ಕಟ್ಟು ಮೊದಲು ಕಂಪನಿಗಳಿಗೆ ಇರಲಿಲ್ಲ. 2024ರ ಏಪ್ರಿಲಿನಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಆ ವಯೋಮಿತಿಯನ್ನು ತೆಗೆದುಹಾಕಿ, ಮೊದಲೇ ಇದ್ದ ಕಾಯಿಲೆಗಳಿಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು 48 ತಿಂಗಳಿಂದ 36ಕ್ಕೆ ಇಳಿಸಿತು. 2025ರ ಜನವರಿಯಲ್ಲಿ, ಪ್ರಾಧಿಕಾರವನ್ನು ಕೇಳದೆ ಹಿರಿಯರ ಪ್ರೀಮಿಯಂ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚಿಸಬಾರದೆಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವೈಯಕ್ತಿಕ ಪಾಲಿಸಿಗಳ ಮೇಲಿನ ಶೇ 18ರ ಜಿಎಸ್‌ಟಿಯೂ ಹೋಯಿತು. ಆದರೂ ಸಕ್ಕರೆ ಕಾಯಿಲೆಯಿರುವ 63ರ ಅರ್ಜಿದಾರರಿಗೆ ಮೂರು ವರ್ಷ ಕಾಯುವುದೆಂದರೆ 66 ಆಗುತ್ತದೆ. ಉಚಿತ ಕಾರ್ಡಿಗೆ ಆಮೇಲೂ ನಾಲ್ಕು ವರ್ಷ.

ಮುಂದಿನ ಸಮೀಕ್ಷೆಗಳ ಪ್ರಶ್ನಾವಳಿಯಲ್ಲಿ ಹೀಗಾಗಿ ‘ನಿಮಗೆ ವಿಮೆ ಇದೆಯೇ’ ಎಂಬುದರ ಜೊತೆ ಇನ್ನೂ ಕೆಲವು ಪ್ರಶ್ನೆಗಳು ಬೇಕು: ಹೆಸರು ಯಾರ ಕಾರ್ಡಿನಲ್ಲಿದೆ, ಜೋಡಿಸಿದ ಮೊಬೈಲ್ ನಂಬರ್ ಯಾರದು, ಕಾರ್ಡ್ ಯಾರ ಬಳಿ ಇರುತ್ತದೆ, ಕಳೆದ ಸಲ ಆಸ್ಪತ್ರೆಗೆ ಜೊತೆಗೆ ಬಂದವರು ಯಾರು. ಇನ್ನೊಬ್ಬರ ಕಾರ್ಡನ್ನೇ ನೆಚ್ಚಿರಬೇಕಾದ ವಿಧವೆಯರ ಉತ್ತರಗಳನ್ನು ಪ್ರತ್ಯೇಕವಾಗಿ ಕೋಷ್ಟಕಕ್ಕೆ ಇಳಿಸಬೇಕು.